ಕ್ಲೌಡ್ ಗೇಮಿಂಗ್

ಆಟ ನಡೆಯುವ ಕಂಪ್ಯೂಟರ್ ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿದ್ದು, ಆಡುವವರು ಮನೆಯಲ್ಲಿ ಕುಳಿತು ಇಂಟರ್ನೆಟ್ ಮೂಲಕ ಅದನ್ನು ಆಡಿಸುವ ವ್ಯವಸ್ಥೆಗೆ ಕ್ಲೌಡ್ ಗೇಮಿಂಗ್ ಅಥವಾ ಗೇಮ್ ಸ್ಟ್ರೀಮಿಂಗ್ ಎಂದು ಹೆಸರು. ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗುತ್ತದೆ. ಅಲ್ಲಿನ ಯಂತ್ರ ಆಟವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಿ, ಹೊಸ ದೃಶ್ಯ ಬಿಡಿಸಿ, ಅದನ್ನು ವಿಡಿಯೋ ರೂಪಕ್ಕೆ ಕುಗ್ಗಿಸಿ ಹಿಂದಕ್ಕೆ ಕಳಿಸುತ್ತದೆ. ಮನೆಯಲ್ಲಿರುವ ಫೋನು, ಟಿವಿ ಅಥವಾ ಹಳೆಯ ಲ್ಯಾಪ್‌ಟಾಪಿಗೆ ಉಳಿಯುವುದು ಎರಡೇ ಕೆಲಸ: ಬಂದ ವಿಡಿಯೋ ತೋರಿಸುವುದು, ಒತ್ತಿದ ಗುಂಡಿಯನ್ನು ವರದಿ ಮಾಡುವುದು.

ಇದನ್ನು ಸಾಮಾನ್ಯ ಆನ್‌ಲೈನ್ ಆಟದ ಜೊತೆ ಬೆರೆಸಬಾರದು. ಬಿಜಿಎಂಐ ತರಹದ ಆಟದಲ್ಲಿ ಗಿಡ, ಮನೆ, ಬಂದೂಕುಗಳ ಚಿತ್ರವನ್ನೆಲ್ಲ ಬಿಡಿಸುವುದು ನಮ್ಮ ಫೋನೇ. ನೆಟ್‌ವರ್ಕ್ ಮೇಲೆ ಓಡಾಡುವುದು ಯಾರು ಎಲ್ಲಿದ್ದಾರೆ, ಯಾರು ಗುಂಡು ಹಾರಿಸಿದರು ಎಂಬ ಸಣ್ಣ ಸಂದೇಶಗಳು ಮಾತ್ರ. ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡುವುದಕ್ಕೂ ಸ್ಟ್ರೀಮಿಂಗ್ ಎಂದೇ ಹೇಳುತ್ತಾರೆ. ಅದು ಇಲ್ಲಿನ ವಿಷಯವಲ್ಲ.

ಕ್ಲೌಡ್ ಗೇಮಿಂಗ್ ಕೊಡುವ ಭರವಸೆ ದೊಡ್ಡದು. ಪ್ಲೇಸ್ಟೇಷನ್ 5 ಎಂಬ ಆಟದ ಪೆಟ್ಟಿಗೆ (ಕನ್ಸೋಲ್) ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಅದಕ್ಕೆ ಹೊಸ ಆಟವೊಂದರ ಬೆಲೆ 4,999 ರೂಪಾಯಿಯವರೆಗೆ. ಬೆಂಗಳೂರಿನಲ್ಲೂ ಸ್ಟುಡಿಯೋ ಇರುವ ರಾಕ್‌ಸ್ಟಾರ್ ಕಂಪನಿಯ 'ರೆಡ್ ಡೆಡ್ ರಿಡೆಂಪ್ಶನ್ 2' ಆಟಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅಷ್ಟನ್ನು ಇಳಿಸಿಕೊಳ್ಳಲು ಎಂಟು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಎರಡೂ ತೊಡಕನ್ನು, ಅಂದರೆ ಮೊದಲಿಗೇ ಸುರಿಯಬೇಕಾದ ದುಡ್ಡನ್ನೂ ಕಾಯುವ ಹೊತ್ತನ್ನೂ, ಒಂದೇ ಏಟಿಗೆ ತೆಗೆದುಹಾಕುತ್ತೇವೆ ಎಂಬುದೇ ಕ್ಲೌಡ್ ಗೇಮಿಂಗಿನ ಮಾತು. ಕಾಲೇಜು ಹುಡುಗಿಯೊಬ್ಬಳು ತನ್ನ ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಲಕ್ಷ ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಕೇಳುವ ಆಟವನ್ನು ಅರ್ಧ ನಿಮಿಷದಲ್ಲಿ ಶುರು ಮಾಡಬಹುದು ಎಂಬುದು ಸಣ್ಣ ಸಂಗತಿಯಲ್ಲ. ಈ ಭರವಸೆ ಸುಳ್ಳೂ ಅಲ್ಲ. ಒಳ್ಳೆಯ ಸಂಪರ್ಕವಿದ್ದಲ್ಲಿ ಅದು ಇವತ್ತು ನಿಜಕ್ಕೂ ನಡೆಯುತ್ತದೆ. ಆದರೆ ಮನೆಯಿಂದ ಹೊರಗೆ ಹೋದ ಪೆಟ್ಟಿಗೆ ಇಲ್ಲವಾಗುವುದಿಲ್ಲ. ಅದು ಇನ್ನೊಬ್ಬರ ಕಟ್ಟಡದಲ್ಲಿ, ಇನ್ನೊಬ್ಬರ ಕರೆಂಟು ಬಿಲ್ಲಿನಲ್ಲಿ, ನಮ್ಮಿಂದ ಒಂದಿಷ್ಟು ದೂರದಲ್ಲಿ ಇರುತ್ತದೆ. ಈ ಕ್ಷೇತ್ರದ ಸೋಲು ಗೆಲುವುಗಳೆಲ್ಲ ಅಲ್ಲಿಂದಲೇ ಹುಟ್ಟಿವೆ.

ಒಂದು ಗುಂಡಿಯ ಪಯಣ

ಕ್ರಿಕೆಟ್ ಆಟವೊಂದನ್ನೇ ತೆಗೆದುಕೊಳ್ಳೋಣ. ಬೌಲರ್ ಗಂಟೆಗೆ 140 ಕಿ.ಮೀ. ವೇಗದಲ್ಲಿ ಚೆಂಡು ಎಸೆಯುತ್ತಾನೆ. ಆ ವೇಗದಲ್ಲಿ ಚೆಂಡು ಬ್ಯಾಟಿಗೆ ಬರಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಸಾಕು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 100 ಮಿಲಿಸೆಕೆಂಡಿನಲ್ಲಿ, ಅದು ಸುಮಾರು 4 ಮೀಟರ್ ಮುಂದೆ ಬಂದಿರುತ್ತದೆ. ಪರದೆಯ ಮೇಲೆ ಕಾಣುವ ಚೆಂಡು ಅಷ್ಟು ತಡವಾಗಿ ಕಂಡರೆ, ನಾವು ಸರಿಯಾಗಿ ಹೊಡೆದೆವು ಎಂದುಕೊಂಡಾಗ ಅಲ್ಲಿ ಸ್ಟಂಪ್ ಎಗರಿರುತ್ತದೆ.

ಈ ತಡಕ್ಕೆ ಲೇಟೆನ್ಸಿ ಎನ್ನುತ್ತಾರೆ. ಆಡುವವರ ಬಾಯಲ್ಲಿ ಅದು 'ಲ್ಯಾಗ್'. ಮನೆಯ ಕನ್ಸೋಲಿನಲ್ಲೂ ಲ್ಯಾಗ್ ಇದ್ದೇ ಇರುತ್ತದೆ. ಸೆಕೆಂಡಿಗೆ 60 ಚಿತ್ರ ಬಿಡಿಸುವ ಆಟದಲ್ಲಿ ಪ್ರತಿ ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಇಂಥ ನಾಲ್ಕೈದು ಚಿತ್ರಗಳು ದಾಟಿರುತ್ತವೆ. ನಮ್ಮ ಬೆರಳು ಅದಕ್ಕೆ ಒಗ್ಗಿಹೋಗಿದೆ. ಕ್ಲೌಡಿನಲ್ಲಿ ಅದರ ಮೇಲೆ ಇನ್ನಷ್ಟು ಸೇರುತ್ತದೆ: ಗುಂಡಿಯ ಸುದ್ದಿ ಸರ್ವರ್ ಮುಟ್ಟುವ ಸಮಯ, ಬಿಡಿಸಿದ ಚಿತ್ರವನ್ನು ಕುಗ್ಗಿಸುವ ಸಮಯ, ಅದು ವಾಪಸು ಬರುವ ಸಮಯ, ನಮ್ಮ ಫೋನು ಅದನ್ನು ಮತ್ತೆ ಹಿಗ್ಗಿಸಿ ತೋರಿಸುವ ಸಮಯ.

ಇವುಗಳಲ್ಲಿ ಹಣ ಚೆಲ್ಲಿ ಕಡಿಮೆ ಮಾಡಲಾಗದ್ದು ದಾರಿಯ ಸಮಯ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಕೇಬಲ್ಲಿನ ದಾರಿ 1,000 ಕಿ.ಮೀ. ಎಂದು ಹಿಡಿದರೆ ಹೋಗಿ ಬರಲು 10 ಮಿಲಿಸೆಕೆಂಡು. ಸಿಂಗಪುರಕ್ಕಾದರೆ 30ಕ್ಕೂ ಹೆಚ್ಚು. ಕ್ಯಾಲಿಫೋರ್ನಿಯಾದ ಸರ್ವರ್ ಆದರೆ ನೇರ ಗೆರೆ ಎಳೆದರೂ 140ರ ಹತ್ತಿರ. ಇವು ಲೆಕ್ಕದ ಮೇಲಿನ ಕನಿಷ್ಠ ಅಂಕಿಗಳು. ನಡುವಿನ ರೂಟರುಗಳು, ಸುತ್ತುಬಳಸಿನ ಕೇಬಲ್ಲುಗಳು ಸೇರಿದಾಗ ನಿಜದ ಅಂಕಿ ಮೇಲೇರುತ್ತದೆ. ಎಷ್ಟೇ ದೊಡ್ಡ ಕಂಪನಿಯೂ ಬೆಳಕಿಗೆ ಇದಕ್ಕಿಂತ ಬೇಗ ಓಡು ಎಂದು ಹೇಳಲಾಗದು. ಹಾಗಾಗಿ ಉಳಿಯುವ ದಾರಿ ಒಂದೇ, ಸರ್ವರನ್ನು ಆಡುವವರ ಹತ್ತಿರಕ್ಕೆ ತಂದಿಡುವುದು.

ಸಿನಿಮಾ ಸ್ಟ್ರೀಮಿಂಗಿನಲ್ಲಿ ಈ ತೊಂದರೆ ಏಕಿಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಮುಂದಿನ ಹತ್ತಿಪ್ಪತ್ತು ಸೆಕೆಂಡಿನ ದೃಶ್ಯ ಮೊದಲೇ ಬಂದು ಕೂತಿರುತ್ತದೆ. ನಡುವೆ ನೆಟ್‌ವರ್ಕ್ ಒಂದೆರಡು ಸೆಕೆಂಡು ಮುಗ್ಗರಿಸಿದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆಟದಲ್ಲಿ ಮುಂದಿನ ಚಿತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ನಾವು ಎಡಕ್ಕೆ ತಿರುಗುತ್ತೇವೋ ಬಲಕ್ಕೋ ಎಂಬುದರ ಮೇಲೆ ಅದು ಹುಟ್ಟಬೇಕು. ಕೂಡಿಡಲು ಏನೂ ಇಲ್ಲದ್ದರಿಂದ ಪ್ರತಿಯೊಂದು ಮುಗ್ಗರಿಕೆಯೂ ಕಣ್ಣಿಗೆ ಬೀಳುತ್ತದೆ.

ಚಿತ್ರವನ್ನು ಕುಗ್ಗಿಸುವ ಕೆಲಸವೂ ಹೀಗೆಯೇ ಇಕ್ಕಟ್ಟಿನದು. ಫುಲ್ ಎಚ್‌ಡಿ ಪರದೆಯ ಸೆಕೆಂಡಿಗೆ 60 ಚಿತ್ರಗಳನ್ನು ಹಾಗೇ ಕಳಿಸುವುದಾದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. ಸೇವೆಗಳು ಅದನ್ನು 15ರಿಂದ 20 ಮೆಗಾಬಿಟ್‌ಗೆ, ಅಂದರೆ ನೂರೈವತ್ತು ಇನ್ನೂರರಲ್ಲಿ ಒಂದು ಪಾಲಿಗೆ, ಇಳಿಸುತ್ತವೆ. ಸಿನಿಮಾ ಕುಗ್ಗಿಸುವವರಿಗೆ ಗಂಟೆಗಟ್ಟಲೆ ಸಮಯವಿದೆ, ಹಿಂದಿನ ಮುಂದಿನ ದೃಶ್ಯಗಳನ್ನು ಹೋಲಿಸಿ ನೋಡುವ ಅನುಕೂಲವಿದೆ. ಆಟದ ಸರ್ವರಿಗೆ ಇರುವುದು ಕೆಲವೇ ಮಿಲಿಸೆಕೆಂಡು. ಗಾಳಿಗೆ ಅಲುಗಾಡುವ ಹುಲ್ಲುಗಾವಲು, ಮಳೆ, ಎಲೆಗಳು ಹಾರುವ ಕಾಡು ಬಂದಾಗ ಚಿತ್ರ ಕಲಸಿದಂತೆ ಕಾಣುವುದು ಇದೇ ಕಾರಣಕ್ಕೆ. ವಿಡಿಯೋ ಕುಗ್ಗಿಸುವ ಎಚ್.264 ವಿಧಾನದ ಬಳಿಕ ಬಂದ ಎಚ್‌ಇವಿಸಿ, ಎವಿ1 ವಿಧಾನಗಳು ಇಲ್ಲಿ ಒಳ್ಳೆಯ ಸುಧಾರಣೆ ತಂದಿವೆ. ಇನ್ನೊಂದು ಜಾಣ ಉಪಾಯವೂ ಇದೆ: ಸರ್ವರಿನಲ್ಲಿ ಆಟವನ್ನು ಸೆಕೆಂಡಿಗೆ 120 ಅಥವಾ 240 ಚಿತ್ರದಂತೆ ಓಡಿಸಿದರೆ ಆಟದ ಒಳಗಿನ ತಡವೇ ಇಳಿಯುತ್ತದೆ, ದಾರಿಯಲ್ಲಿ ಕಳೆದದ್ದರಲ್ಲಿ ಒಂದಿಷ್ಟು ಅಲ್ಲಿ ವಾಪಸು ಸಿಗುತ್ತದೆ. ಎನ್ವಿಡಿಯಾದ ದುಬಾರಿ ದರ್ಜೆಯ ಸೇವೆ ಕೆಲವು ಆಟಗಳಲ್ಲಿ ಸಾಮಾನ್ಯ ಕನ್ಸೋಲಿನಷ್ಟೇ ಚುರುಕಾಗಿ ಅನಿಸುವುದರ ಹಿಂದೆ ಈ ಲೆಕ್ಕವಿದೆ.

ಎರಡು ದಶಕದ ಪ್ರಯತ್ನಗಳು

ಫಿನ್ಲೆಂಡಿನ ಜಿ-ಕ್ಲಸ್ಟರ್ ಕಂಪನಿ 2000ರ ದಶಕದ ಆರಂಭದಲ್ಲೇ ಈ ತಂತ್ರವನ್ನು ತೋರಿಸಿತ್ತು. 'ಕ್ರೈಸಿಸ್' ಆಟ ಮಾಡಿದ ಜರ್ಮನಿಯ ಕ್ರೈಟೆಕ್ 2005ರಲ್ಲಿ ಪ್ರಯೋಗಕ್ಕಿಳಿದು, ಇಂಟರ್ನೆಟ್ ಇನ್ನೂ ಸಿದ್ಧವಾಗಿಲ್ಲ ಎಂದು 2007ರಲ್ಲಿ ಕೈಬಿಟ್ಟಿತು. ಜನರ ಮುಂದೆ ಇದನ್ನು ಗಟ್ಟಿಯಾಗಿ ಇಟ್ಟದ್ದು ಆನ್‌ಲೈವ್. ಅದಕ್ಕೂ ಮೊದಲು ವೆಬ್‌ಟಿವಿ ಕಟ್ಟಿದ್ದ ಸ್ಟೀವ್ ಪರ್ಲ್‌ಮನ್ 2009ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅದನ್ನು ಪ್ರಕಟಿಸಿದರು; 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಸೇವೆ ಶುರುವಾಯಿತು. ಸೆಕೆಂಡಿಗೆ 5 ಮೆಗಾಬಿಟ್ ಸಂಪರ್ಕದಲ್ಲಿ 720ಪಿ ಚಿತ್ರ. ತಂತ್ರ ಕೆಲಸ ಮಾಡಿತು, ಅನೇಕರನ್ನು ಬೆರಗುಗೊಳಿಸಿತು. ಕೆಡಿಸಿದ್ದು ಖರ್ಚು. ಸಾವಿರಾರು ಸರ್ವರುಗಳನ್ನು ಮೊದಲೇ ಹಾಕಿ ಕಾದರೂ ಅವುಗಳನ್ನು ತುಂಬುವಷ್ಟು ಜನ ಬರಲಿಲ್ಲ. 2012ರ ಆಗಸ್ಟ್‌ನಲ್ಲಿ ನೌಕರರನ್ನೆಲ್ಲ ತೆಗೆದು ಆಸ್ತಿಯನ್ನು ಹೊಸ ಕಂಪನಿಗೆ ವರ್ಗಾಯಿಸಲಾಯಿತು. 2015ರಲ್ಲಿ ಅದರ ಪೇಟೆಂಟುಗಳನ್ನು ಸೋನಿ ಕೊಂಡಿತು, ಏಪ್ರಿಲ್ 30ಕ್ಕೆ ಸೇವೆ ನಿಂತಿತು.

ಸೋನಿ ಅದಕ್ಕೂ ಮೊದಲೇ, 2012ರಲ್ಲಿ, ಡೇವಿಡ್ ಪೆರಿ ಅವರ ಗೈಕೈ ಕಂಪನಿಯನ್ನು 38 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. ಪ್ಲೇಸ್ಟೇಷನ್ ನೌ ಅದರ ಫಲ. ಪ್ಲೇಸ್ಟೇಷನ್ 3ರೊಳಗಿನ ಸೆಲ್ ಪ್ರೊಸೆಸರನ್ನು ಹೊಸ ಯಂತ್ರಗಳಲ್ಲಿ ಅನುಕರಿಸುವುದು ಬಹಳ ಕಷ್ಟವಾದ್ದರಿಂದ, ಆ ಕಾಲದ ಆಟಗಳನ್ನು ಹೊಸ ಕನ್ಸೋಲಿನವರಿಗೆ ತಲುಪಿಸಲು ಸ್ಟ್ರೀಮಿಂಗ್ ಒಳ್ಳೆಯ ದಾರಿಯಾಯಿತು. ಸದ್ದಿಲ್ಲದ, ಉಪಯುಕ್ತ ಕೆಲಸ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಗೂಗಲ್‌ನ ಸ್ಟೇಡಿಯಾ. 2018ರ ಅಕ್ಟೋಬರಿನಲ್ಲಿ 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ'ಯನ್ನು ಕ್ರೋಮ್ ಬ್ರೌಸರಿನಲ್ಲೇ ಆಡಿಸಿ ತೋರಿಸಿದಾಗ ಸಂಶಯ ಪಟ್ಟವರೂ ಒಪ್ಪಿದರು. 2019ರ ನವೆಂಬರ್ 19ರಂದು 14 ದೇಶಗಳಲ್ಲಿ ಸೇವೆ ತೆರೆಯಿತು; ಭಾರತ ಅವುಗಳಲ್ಲಿ ಇರಲಿಲ್ಲ, ಆಮೇಲೂ ಸೇರಲಿಲ್ಲ. ಸ್ಟೇಡಿಯಾದ ಕಂಟ್ರೋಲರ್ ಟಿವಿಯ ಮೂಲಕ ಹೋಗದೆ ನೇರ ವೈ-ಫೈ ಮೂಲಕ ಡೇಟಾ ಸೆಂಟರನ್ನೇ ಮುಟ್ಟುತ್ತಿತ್ತು. ಅಷ್ಟರಲ್ಲೂ ಒಂದೆರಡು ಮಿಲಿಸೆಕೆಂಡು ಉಳಿಸುವ ಆಸೆ. ಇಂಥ ಎಚ್ಚರದ ಎಂಜಿನಿಯರಿಂಗ್ ಇದ್ದರೂ ಅದು ಸೋತದ್ದು ವ್ಯಾಪಾರದ ಲೆಕ್ಕದಲ್ಲಿ. ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕು, ಆದರೆ ಅದು ಸ್ಟೇಡಿಯಾದಲ್ಲಿ ಮಾತ್ರ ನಡೆಯುತ್ತದೆ. ಬೇರೆ ಕಡೆ ಈಗಾಗಲೇ ಕೊಂಡವರು ಮತ್ತೆ ಕೊಳ್ಳಬೇಕು. ಆಟಗಳ ಪಟ್ಟಿಯೂ ಚಿಕ್ಕದು. 2021ರ ಫೆಬ್ರವರಿಯಲ್ಲಿ ಗೂಗಲ್ ತನ್ನದೇ ಸ್ಟುಡಿಯೋಗಳನ್ನು ಮುಚ್ಚಿತು. 2022ರ ಸೆಪ್ಟೆಂಬರಿನಲ್ಲಿ ಇಡೀ ಸೇವೆ ನಿಲ್ಲಿಸುವುದಾಗಿ ಹೇಳಿತು. 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ತನ್ನ ಅಂಗಡಿಯಲ್ಲಿ ಕೊಂಡ ಯಂತ್ರಗಳ ಮತ್ತು ಆಟಗಳ ಹಣ ಹಿಂದಿರುಗಿಸಿತು, ಕಂಟ್ರೋಲರನ್ನು ಬ್ಲೂಟೂತ್ ಮೂಲಕ ಬೇರೆ ಯಂತ್ರಗಳಿಗೆ ಬಳಸುವ ಅನುಕೂಲವನ್ನೂ ಕೊಟ್ಟಿತು. ಅದು ಸರಿಯಾದ ನಡೆ. ಆದರೆ ಸೇವೆ ನಿಂತಾಗಲೆಲ್ಲ ಹಣ ಹಿಂದೆ ಬಂದೇ ಬರುತ್ತದೆ ಎಂಬ ಖಾತರಿಯಿಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. ಎಕ್ಸ್‌ಕ್ಲೌಡ್ ಎಂದು ಶುರುವಾದ ಅದರ ಸೇವೆ 2020ರ ಸೆಪ್ಟೆಂಬರಿನಲ್ಲಿ ಗೇಮ್ ಪಾಸ್ ಚಂದಾದ ಒಂದು ಭಾಗವಾಗಿ ಬಂತು. ಆಟದ ಸಂಗ್ರಹ ಮುಖ್ಯ, ಸ್ಟ್ರೀಮಿಂಗ್ ಅದನ್ನು ಮುಟ್ಟುವ ಇನ್ನೊಂದು ಬಾಗಿಲು ಮಾತ್ರ. ಡೇಟಾ ಸೆಂಟರಿನಲ್ಲಿ ಇಟ್ಟದ್ದು ಎಕ್ಸ್‌ಬಾಕ್ಸ್‌ನದೇ ಒಳಭಾಗಗಳು. ಹಾಗಾಗಿ ಆಟಗಳನ್ನು ಹೊಸದಾಗಿ ಹೊಂದಿಸುವ ಕೆಲಸ ಉಳಿಯಲಿಲ್ಲ. ಎನ್ವಿಡಿಯಾದ ಜಿಫೋರ್ಸ್ ನೌ 2020ರ ಫೆಬ್ರವರಿಯಲ್ಲಿ ಸಾರ್ವಜನಿಕವಾಯಿತು. ಅದು ಆಟಗಳನ್ನು ಮಾರುವುದಿಲ್ಲ. ಸ್ಟೀಮ್‌ನಂಥ ಅಂಗಡಿಗಳಲ್ಲಿ ನಾವು ಕೊಂಡದ್ದನ್ನು ಆಡಲು ಒಳ್ಳೆಯ ಕಂಪ್ಯೂಟರನ್ನು ಬಾಡಿಗೆಗೆ ಕೊಡುತ್ತದೆ. ಇಲ್ಲೂ ಒಂದು ಗೋಜಲು ಎದ್ದಿತು. ಸೇವೆ ತೆರೆದ ಕೆಲವೇ ದಿನಗಳಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್, ಬೆಥೆಸ್ಡಾದಂಥ ಕಂಪನಿಗಳು ತಮ್ಮ ಆಟಗಳನ್ನು ಹಿಂದೆಗೆದುಕೊಂಡವು. ನಾನು ಕೊಂಡ ಆಟವನ್ನು ನಾನು ಬಾಡಿಗೆ ಯಂತ್ರದಲ್ಲಿ ಆಡಲು ಇನ್ನೊಬ್ಬರ ಒಪ್ಪಿಗೆ ಏಕೆ ಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿರಬಹುದು, ನ್ಯಾಯದ ದೃಷ್ಟಿಯಲ್ಲಿ ನನಗೆ ಸಮಾಧಾನದ ಉತ್ತರ ಕಂಡಿಲ್ಲ.

ಈ ಕ್ಷೇತ್ರ ಎಷ್ಟು ಮುಖ್ಯವೆಂದು ಸರ್ಕಾರಗಳೂ ಗಮನಿಸಿವೆ. ಮೈಕ್ರೋಸಾಫ್ಟ್ ಸುಮಾರು 69 ಬಿಲಿಯನ್ ಡಾಲರಿಗೆ ಆಕ್ಟಿವಿಷನ್ ಬ್ಲಿಝಾರ್ಡ್ ಕೊಳ್ಳಲು ಹೊರಟಾಗ, ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ಅದನ್ನು ತಡೆದದ್ದು ಕ್ಲೌಡ್ ಗೇಮಿಂಗ್ ಮಾರುಕಟ್ಟೆಯ ಕಾರಣಕ್ಕೇ. ಆ ಆಟಗಳ ಕ್ಲೌಡ್ ಹಕ್ಕುಗಳನ್ನು ಫ್ರಾನ್ಸಿನ ಯೂಬಿಸಾಫ್ಟ್‌ಗೆ 15 ವರ್ಷಕ್ಕೆ ಬಿಟ್ಟುಕೊಟ್ಟ ಮೇಲಷ್ಟೇ ಅಕ್ಟೋಬರಿನಲ್ಲಿ ವ್ಯವಹಾರ ಮುಗಿಯಿತು.

ಯಾರು ಖರ್ಚು ಹೊರುವುದು

ಸಿನಿಮಾ ಸೇವೆಯ ಹೋಲಿಕೆ ಇಲ್ಲಿ ಮತ್ತೆ ದಾರಿ ತಪ್ಪಿಸುತ್ತದೆ. ಸಿನಿಮಾದ ಒಂದು ಪ್ರತಿಯನ್ನು ಒಂದು ಸರ್ವರಿನಲ್ಲಿಟ್ಟು ಸಾವಿರಾರು ಜನಕ್ಕೆ ಹಂಚಬಹುದು. ಆಟದಲ್ಲಿ ಪ್ರತಿಯೊಬ್ಬರಿಗೂ ಗ್ರಾಫಿಕ್ಸ್ ಚಿಪ್ಪಿನ ಒಂದು ಪಾಲು ಮೀಸಲಿಡಬೇಕು, ಅವರು ಆಡುವಷ್ಟು ಹೊತ್ತೂ ಅದು ಬಿಸಿಯಾಗಿ ಓಡುತ್ತಿರಬೇಕು. ಜನ ಆಡುವುದು ಯಾವಾಗ? ರಾತ್ರಿ ಊಟದ ಸುಮಾರಿಗೆ, ಶನಿವಾರ ಭಾನುವಾರ. ಆ ಹೊತ್ತಿಗೆ ಸಾಕಾಗುವಷ್ಟು ಯಂತ್ರ ಇಟ್ಟರೆ ಮಂಗಳವಾರ ಮಧ್ಯಾಹ್ನ ಅವು ಸುಮ್ಮನೆ ಕೂತಿರುತ್ತವೆ. ಮುಂಬೈಯಲ್ಲಿ ಖಾಲಿ ಇರುವ ಯಂತ್ರವನ್ನು ನ್ಯೂಯಾರ್ಕಿನ ಸಂಜೆಗೆ ಕೊಡೋಣವೆಂದರೆ ದೂರ ಅಡ್ಡ ಬರುತ್ತದೆ. ಬೇರೆ ಕ್ಲೌಡ್ ಸೇವೆಗಳಿಗೆ ಲಾಭ ತರುವ ಹಂಚಿಕೆಯ ಲೆಕ್ಕ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದರ ಮೇಲೆ, ಇದೇ ಜಾತಿಯ ಚಿಪ್ಪುಗಳಿಗೆ ಈಗ ಕೃತಕ ಬುದ್ಧಿಮತ್ತೆಯ ಕಂಪನಿಗಳು ಮುಗಿಬಿದ್ದಿವೆ.

ಸರದಿಯಲ್ಲಿ ಕಾಯಿಸುವುದು, ಉಚಿತ ದರ್ಜೆಯವರನ್ನು ಒಂದು ಗಂಟೆಗೆ ಹೊರಗೆ ಕಳಿಸುವುದು, ತಿಂಗಳಿಗೆ ಮಿತಿ ಹಾಕುವುದು, ಇವೆಲ್ಲ ಈ ಲೆಕ್ಕದಿಂದಲೇ ಬಂದವು. ಜಿಫೋರ್ಸ್ ನೌ 2025ರಿಂದ ಹೊಸ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿ ತಂದಿತು. ಬಹಳ ಜನಕ್ಕೆ ಅದು ಸಾಕು. ಆದರೆ ಮನೆಯ ಕನ್ಸೋಲು ಎಂದೂ ಗಂಟೆ ಎಣಿಸಿರಲಿಲ್ಲ.

ಉಳಿಯುವಿಕೆಯ ಪ್ರಶ್ನೆ ಇನ್ನೂ ಗಂಭೀರ. ಮೂವತ್ತು ವರ್ಷದ ಹಿಂದಿನ ಕಾರ್ಟ್ರಿಜ್ ಇವತ್ತಿಗೂ ಧೂಳು ಒರೆಸಿ ಹಾಕಿದರೆ ನಡೆಯುತ್ತದೆ. ಸರ್ವರಿನಲ್ಲಿ ಮಾತ್ರ ಬದುಕಿದ್ದ ಆಟ ಸರ್ವರ್ ಆರಿದ ದಿನ ಹೋಗುತ್ತದೆ. ಅದರ ಒಂದು ಪ್ರತಿಯೂ ಯಾರ ಕಪಾಟಿನಲ್ಲೂ ಇರುವುದಿಲ್ಲ. ವಿಡಿಯೋ ಗೇಮ್ ಕೂಡ ಸಿನಿಮಾ, ಪುಸ್ತಕಗಳ ಹಾಗೆ ಕಾಪಿಡಬೇಕಾದ ಕಲೆ ಎಂದು ನಂಬುವವರಿಗೆ ಇದು ನಿಜವಾದ ಆತಂಕ.

ಭಾರತದಲ್ಲಿ

ಇಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ. ಕನ್ಸೋಲ್ ಕಾಣದ ಮನೆಗಳೇ ಬಹುಪಾಲು. ಹಾಗಾಗಿ ಕ್ಲೌಡ್ ಗೇಮಿಂಗಿಗೆ ಭಾರತದಂಥ ಜಾಗ ಇನ್ನೊಂದಿಲ್ಲ ಎಂದು ಕಂಪನಿಗಳು ಬಹಳ ದಿನದಿಂದ ಹೇಳುತ್ತಿವೆ. ಏರ್‌ಟೆಲ್ 2021ರಲ್ಲಿ ಹರಿಯಾಣದ ಮಾನೇಸರದಲ್ಲಿ 5ಜಿ ಮೇಲೆ ಕ್ಲೌಡ್ ಆಟದ ಪ್ರದರ್ಶನ ನಡೆಸಿತು. 5ಜಿ ಸೇವೆ 2022ರ ಅಕ್ಟೋಬರ್ 1ರಂದು ಶುರುವಾಯಿತು. ಜಿಯೋ ತನ್ನದೇ ಜಿಯೋಗೇಮ್ಸ್ ಕ್ಲೌಡ್ ತಂದಿತು. ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರಿನಲ್ಲಿ ಭಾರತಕ್ಕೆ ಬಂತು.

ಮೊಬೈಲ್ ಪ್ಯಾಕಿನ ಲೆಕ್ಕ ಹಾಕಿ ನೋಡಿ. ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕ್ ಇದ್ದು, ಆಟ ಸೆಕೆಂಡಿಗೆ 10 ಮೆಗಾಬಿಟ್ ಎಳೆದರೆ, ಇಡೀ ದಿನದ ಡೇಟಾ 20 ನಿಮಿಷಕ್ಕೆ ಮುಗಿಯುತ್ತದೆ. ಒಂದು ಗಂಟೆಯ ಆಟಕ್ಕೆ 4.5 ಜಿಬಿ, 20 ಮೆಗಾಬಿಟ್ ಗುಣಮಟ್ಟದಲ್ಲಿ ಅದರ ಎರಡರಷ್ಟು. ಮಿತಿಯಿಲ್ಲದ 5ಜಿ ಅಥವಾ ಮನೆಯ ಫೈಬರ್ ಇದ್ದವರಿಗೆ ಮಾತ್ರ ಇದು ದಿನನಿತ್ಯದ ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದು ಸಲೀಸು. ಮಲೆನಾಡಿನಲ್ಲಿ, ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ಕಡಿದು ಕರೆಂಟೂ ಹೋಗುವ ಊರುಗಳಲ್ಲಿ, ಫೋನಿಗೆ ಇಳಿಸಿಟ್ಟುಕೊಂಡ ಆಟವೇ ಕೈಹಿಡಿಯುವುದು. ಇದು ಇಂಟರ್ನೆಟ್ ಎಲ್ಲಿ ತಲುಪಿದೆ ಎಂಬುದಕ್ಕಿಂತ ಎಷ್ಟು ಸ್ಥಿರವಾಗಿದೆ ಎಂಬ ಪ್ರಶ್ನೆ. ಸ್ಪೀಡ್ ಟೆಸ್ಟ್ 100 ಮೆಗಾಬಿಟ್ ತೋರಿಸಿದರೂ, ಸರಾಸರಿ 20 ಮಿಲಿಸೆಕೆಂಡು ಇರುವ ತಡ ಆಗಾಗ 200ಕ್ಕೆ ಜಿಗಿದರೆ ಆಟ ಹಾಳು. ಈ ಏರಿಳಿತಕ್ಕೆ ಜಿಟ್ಟರ್ ಎನ್ನುತ್ತಾರೆ. ಕಂಪನಿಗಳ ಜಾಹೀರಾತಿನಲ್ಲಿ ಇದರ ಅಂಕಿ ಕಾಣುವುದೇ ಇಲ್ಲ.

ಇದರಲ್ಲಿ ಒಂದು ಭಾಗ ನಮ್ಮ ಮನೆಯೊಳಗೇ ಸರಿಮಾಡಬಹುದಾದದ್ದು. ಹಳೆಯ ರೂಟರುಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಅಕ್ಕಪಕ್ಕದ ಮನೆಗಳ ವೈ-ಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ ಹಂಚಿಕೊಳ್ಳುತ್ತವೆ. ಮೈಕ್ರೋವೇವಿನಲ್ಲಿ ಹಾಲು ಬಿಸಿಗಿಟ್ಟ ಒಂದು ನಿಮಿಷ ಆಟದ ಚಿತ್ರ ಚೌಕ ಚೌಕವಾಗಿ ಒಡೆಯುವುದು ಕಾಕತಾಳೀಯವಲ್ಲ. 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ, ಇನ್ನೂ ಚೆನ್ನಾಗಿ ರೂಟರಿನಿಂದ ತಂತಿ ಎಳೆದರೆ, ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ, ಅದೇ ಸಂಪರ್ಕದಲ್ಲಿ ಆಟ ಬೇರೆಯೇ ಅನಿಸುತ್ತದೆ.

ಯಾವ ಆಟ ಎಂಬುದೂ ಅಷ್ಟೇ ಮುಖ್ಯ. ಕಥೆ ಪ್ರಧಾನವಾದ ಸಾಹಸದ ಆಟ, ಚದುರಂಗದ ಹಾಗೆ ಯೋಚಿಸಿ ನಡೆ ಇಡುವ ತಂತ್ರದ ಆಟ, ನಿಧಾನವಾಗಿ ಊರು ಕಟ್ಟುವ ಆಟಗಳಲ್ಲಿ 40-50 ಮಿಲಿಸೆಕೆಂಡಿನ ಹೆಚ್ಚುವರಿ ತಡ ಬೆರಳಿಗೆ ತಿಳಿಯುವುದೇ ಕಷ್ಟ. ಹೊಡೆದಾಟದ ಆಟಗಳಲ್ಲಿ, ಸ್ಪರ್ಧೆಯ ಗುಂಡಿನ ಆಟಗಳಲ್ಲಿ ಅಷ್ಟೇ ತಡ ಸೋಲು ತರುತ್ತದೆ. ನಾನು ಗಮನಿಸಿದಂತೆ ಸ್ಟ್ರೀಮಿಂಗನ್ನು ಚೆನ್ನಾಗಿ ಬಳಸಿಕೊಂಡವರು ಅದನ್ನೇ ಪೂರ್ತಿ ನೆಚ್ಚಿಕೊಂಡವರಲ್ಲ: 150 ಜಿಬಿಯ ಆಟ ಇಳಿಸುವ ಮೊದಲು ಅರ್ಧ ಗಂಟೆ ಆಡಿ ನೋಡಿದವರು, ಮನೆಯ ಟಿವಿಯಲ್ಲಿ ಬಿಟ್ಟ ಜಾಗದಿಂದ ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಿದವರು, ಒಂದೇ ಒಂದು ದೊಡ್ಡ ಆಟಕ್ಕಾಗಿ ಎರಡು ತಿಂಗಳ ಚಂದಾ ಕಟ್ಟಿ ಮುಗಿಸಿ ನಿಲ್ಲಿಸಿದವರು. ಹೊಸದಾಗಿ ಶುರುಮಾಡುವವರು ವರ್ಷದ ಚಂದಾ ಕಟ್ಟುವ ಮುಂಚೆ, ತಾವು ನಿಜಕ್ಕೂ ಆಡುವ ಹೊತ್ತಿನಲ್ಲಿ, ಅಂದರೆ ರಾತ್ರಿ ಒಂಬತ್ತರ ಸುಮಾರಿಗೆ ಬೀದಿಯವರೆಲ್ಲ ವಿಡಿಯೋ ನೋಡುತ್ತಿರುವಾಗ, ಒಂದು ತಿಂಗಳು ಆಡಿ ನೋಡುವುದು ಒಳ್ಳೆಯದು.